ಗ್ಯಾಸ್ ಗೀಸರ್, ಹೀಟರ್ ಜೋಡಣೆ: ಸದಸ್ಯರ ಗಮನಕ್ಕೆ

ಮಾನ್ಯ ಸದಸ್ಯರೇ,

ಮನೆಯ ಗ್ಯಾಸ್ ಪೈಪಿಗೆ ಗೀಸರ್ ಅಥವಾ ಹೀಟರ್ ಜೋಡಿಸಬೇಕೆಂದಿರುವವರು ಆ ಕೆಲಸವನ್ನು ಪರವಾನಗಿ ಪಡೆದ ಫಿಟ್ಟರ್‌ರಿಂದಲೇ ಮಾಡಿಸಬೇಕೆಂದು ಕೋರುತ್ತೇನೆ. ಎಲ್‌ಪಿಜಿಗೂ ನೈಸರ್ಗಿಕ ಅನಿಲಕ್ಕೂ ಬೇಕಾಗುವ ಒತ್ತಡ ಮತ್ತು ಜೆಟ್ಟಿನ (ಬರ್ನರಿಗೆ ಅನಿಲ ಚಿಮ್ಮುವ ಸಣ್ಣ ಮೂತಿಯ) ರಂಧ್ರದ ಅಳತೆ ಬೇರೆಬೇರೆಯಾದ್ದರಿಂದ, ಉಪಕರಣ ಯಾವ ಅನಿಲಕ್ಕೆಂದು ತಯಾರಾಗಿದೆ ಎಂಬುದನ್ನು ಕೊಳ್ಳುವ ಮುನ್ನವೇ ನೋಡಿಕೊಳ್ಳಿ. ಪ್ರತಿ ಉಪಕರಣದ ಬಳಿ ಕೈಗೆಟಕುವಂತೆ ಪ್ರತ್ಯೇಕ ವಾಲ್ವ್ ಇರಲಿ. ಸೋರಿಕೆಯನ್ನು ಸೋಪಿನ ನೀರಿನಿಂದ ಪರೀಕ್ಷಿಸಬೇಕು. ಬೆಂಕಿಕಡ್ಡಿ ಗೀರಿ ನೋಡುವುದು ಎಂದಿಗೂ ಬೇಡ.

ನನ್ನನ್ನು ಹೆಚ್ಚು ಕಾಡುವುದು ಹೊಗೆಕೊಳವೆಯ ವಿಷಯ. ಅನಿಲ ಅರೆಬರೆ ಉರಿದಾಗ ಹುಟ್ಟುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಾಗಲಿ ವಾಸನೆಯಾಗಲಿ ಇಲ್ಲದಿರುವುದರಿಂದ, ಮುಚ್ಚಿದ ಕೋಣೆಯಲ್ಲಿ ಅದು ನಮ್ಮ ಅರಿವಿಗೆ ಬರುವ ಮೊದಲೇ ಪ್ರಾಣ ತೆಗೆಯಬಲ್ಲದು. ಆದ್ದರಿಂದ ಕೊಳವೆಯ ಬಾಯಿ ಮನೆಯ ಹೊರಗೇ ತೆರೆದಿರಬೇಕು. ನೀಲಿಯಾಗಿರಬೇಕಾದ ಜ್ವಾಲೆ ಹಳದಿಯಾಗಿ ಕಂಡರೆ ಕೂಡಲೇ ಉಪಕರಣವನ್ನು ಆರಿಸಿ, ಫಿಟ್ಟರ್‌ರನ್ನು ಕರೆಸಿ.