ಹೆಸರು ಹೇಳದೆ ಹೋದ ಹಿರಿಯರಿಗೆ ನಮ್ಮ ವಾಲಿಬಾಲ್ ತಂಡದ ಧನ್ಯವಾದ

ಎರಡು ವರ್ಷಗಳ ಹಿಂದೆ, ಕೆಲಸ ಮುಗಿಸಿ ಸಂಜೆ ಸೇರುತ್ತಿದ್ದ ನಾವು ಏಳು ಮಂದಿ ಗೆಳೆಯರು ನಮ್ಮನ್ನು ನಾವೇ ವಾಲಿಬಾಲ್ ತಂಡವೆಂದು ಕರೆದುಕೊಂಡು ಆಡುತ್ತಿದ್ದಾಗ, ಅಂಗಳದ ಅಂಚಿನಲ್ಲಿ ನಿಂತು ಬಹಳ ಹೊತ್ತು ನೋಡಿದ ತಾವು ಮೊದಲು ಕೇಳಿದ್ದು ಒಂದೇ ಪ್ರಶ್ನೆ: "ಈ ನೆಟ್ ಅಳೆದಿದ್ದೀರಾ?" ಅಳೆದಿರಲಿಲ್ಲ. ತಾವೇ ಚೀಲದಿಂದ ಟೇಪು ತೆಗೆದು ನಡುವೆ ಹಿಡಿದಾಗ, ಪುರುಷರ ಆಟಕ್ಕೆ 2.43 ಮೀಟರ್ ಎತ್ತರವಿರಬೇಕಾದ ನೆಟ್ ಒಂದು ಗೇಣಿನಷ್ಟು ಜೋತುಬಿದ್ದಿತ್ತು; ನಮ್ಮ ಸ್ಮ್ಯಾಶ್‌ಗಳ ಗುಟ್ಟೂ ಅಲ್ಲೇ ಬಯಲಾಯಿತು. ಮೇಲಿನ ಹಗ್ಗವನ್ನು ಬಿಗಿದು, ಎರಡೂ ಪಕ್ಕದ ಗೆರೆಗಳ ಮೇಲೆ ಎತ್ತರ ಸಮನಾಗಿರಬೇಕು, ನಿಗದಿತ ಎತ್ತರಕ್ಕಿಂತ 2 ಸೆಂಟಿಮೀಟರ್‌ಗೂ ಹೆಚ್ಚು ಮೀರಬಾರದು ಎಂದು ತೋರಿಸಿಕೊಟ್ಟಿರಿ.

ಆದರೆ ನಾವು ಹೆಚ್ಚು ಋಣಿಗಳಾಗಿರುವುದು ಆಟದ ಹೊರಗಿನ ಮಾತುಗಳಿಗೆ. ಅಂಗಳಕ್ಕಿಳಿಯುವವರು 6 ಮಂದಿಯೇ ಆದರೂ ಪಟ್ಟಿಯಲ್ಲಿ 10 ಹೆಸರುಗಳಾದರೂ ಇರಬೇಕು, ಇಲ್ಲವಾದರೆ ಒಬ್ಬರಿಗೆ ಜ್ವರ, ಇನ್ನೊಬ್ಬರಿಗೆ ರಾತ್ರಿ ಪಾಳಿ ಬಂದ ದಿನ ತಂಡವೇ ಇರುವುದಿಲ್ಲ. ನಾಯಕನ ಕೈಯಲ್ಲಿ ಲೆಕ್ಕದ ಪುಸ್ತಕ ಇರಬಾರದು. ಸರದಿಯಂತೆ ಸ್ಥಾನ ಬದಲಿಸುತ್ತಲೇ ಇರಬೇಕಾದ ಈ ಆಟದಲ್ಲಿ ಅಭ್ಯಾಸವನ್ನು ಬಲ್ಲವರಿಗಷ್ಟೇ ಮೀಸಲಿಡಬಾರದು ಎಂದಿದ್ದಿರಿ. ಲೆಕ್ಕದ ಮಾತು ಆಗ ನನಗೆ ಅತಿಯೆನಿಸಿತ್ತು (ನಾಯಕ ನಾನೇ ಆಗಿದ್ದೆ). ಹೊಸ ಚೆಂಡು ಕೊಳ್ಳುವಾಗ ಯಾರು ಎಷ್ಟು ಕೊಟ್ಟರೆಂಬ ಜಗಳವೆದ್ದು ಇಬ್ಬರು ಮುನಿಸಿಕೊಂಡು ಹೋದ ಮೇಲೆ ಅದರ ಬೆಲೆ ತಿಳಿಯಿತು. ಈಗ ಪುಸ್ತಕ ಇನ್ನೊಬ್ಬರ ಬಳಿಯಿದೆ, ಆ ಇಬ್ಬರೂ ಮರಳಿದ್ದಾರೆ, ಪಟ್ಟಿಯಲ್ಲಿ 13 ಹೆಸರುಗಳಿವೆ.

ಹೆಸರು ಕೇಳಿದಾಗ ನಕ್ಕು ಸೈಕಲ್ ಹತ್ತಿದ ತಮಗೆ ತಂಡದ ಎಲ್ಲರ ಪರವಾಗಿ ಹೃತ್ಪೂರ್ವಕ ಧನ್ಯವಾದಗಳು. ತಾವು ಬಿಟ್ಟುಹೋದ ಟೇಪು ನಮ್ಮ ಚೆಂಡಿನ ಚೀಲದಲ್ಲಿ ಜೋಪಾನವಾಗಿದೆ.