ನಾವು ಟೆಂಟ್ ಹಾಕಿದ ಜಾಗ

ಮಂಜು,

ಹೋದ ವಾರ ಮಕ್ಕಳನ್ನು ಕರೆದುಕೊಂಡು ಶೆನಂಡೋವಾ ನ್ಯಾಷನಲ್ ಪಾರ್ಕಿಗೆ ಹೋಗಿದ್ದೆ. ವರ್ಜೀನಿಯಾದ ಬೆಟ್ಟಸಾಲು. ಇಂಬಳದ ಕಾಟ ಇಲ್ಲ, ಅದರ ಬದಲು ಉಣುಗಿನ ಭಯ. ಲೂಯಿಸ್ ಮೌಂಟನ್ ಅನ್ನೋ ಪುಟ್ಟ ಕ್ಯಾಂಪ್‌ಗ್ರೌಂಡಿನಲ್ಲಿ ಟೆಂಟ್ ಹಾಕಿ, ಡಬ್ಬಿಯಲ್ಲಿ ತಂದ ಪುಳಿಯೋಗರೆ ತಿಂದೆವು. ಸುತ್ತ ಕಂಡವರೆಲ್ಲ ಬಿಳಿಯರೇ. 'ಕಪ್ಪು ಜನಕ್ಕೆ ಕಾಡು ಬೆಟ್ಟದ ಹುಚ್ಚು ಕಡಿಮೆ ಅನ್ಸುತ್ತೆ' ಅಂತ ಹೆಂಡತಿಗೆ ಹೇಳಿದೆ. ಏನೋ ದೊಡ್ಡದು ಕಂಡುಹಿಡಿದವನ ಥರ.

ಮನೆಗೆ ಬಂದು ಸುಮ್ನೆ ಆ ಜಾಗದ ಬಗ್ಗೆ ಹುಡುಕಿದೆ. ಒಂದು ಹಳೇ ಫೋಟೋ ಸಿಕ್ಕಿತು. ದಾರಿ ಪಕ್ಕದಲ್ಲಿ ಒಂದು ಬೋರ್ಡು: 'ಲೂಯಿಸ್ ಮೌಂಟನ್ ನೀಗ್ರೋ ಏರಿಯಾ'. ಅದರ ಕೆಳಗೆ ಕಾಫಿ ಶಾಪ್, ಕಾಟೇಜು, ಪಿಕ್ನಿಕ್ ಜಾಗ ಅಂತ ಅಚ್ಚುಕಟ್ಟಾಗಿ ಬರೆದಿದೆ. 1939ರಲ್ಲಿ ಕಪ್ಪು ಜನಕ್ಕೆಂದೇ ತೆರೆದ ಜಾಗವಂತೆ. ಪಾರ್ಕಿನಲ್ಲಿ ಈ ಪಂಕ್ತಿಭೇದ ಪೂರ್ತಿ ಹೋಗಿದ್ದು 1950ರಲ್ಲಿ. ನಾವು ಪುಳಿಯೋಗರೆ ತಿಂದದ್ದು ಅಲ್ಲೇ ಕಣೋ. ಅಜ್ಜನಿಗೆ ಬೆಟ್ಟದ ಒಂದು ಮೂಲೆ ಮಾತ್ರ ಬಿಟ್ಟುಕೊಟ್ಟು, ಮೊಮ್ಮಗನಿಗೆ ಆಸಕ್ತಿ ಇಲ್ಲ ಅನ್ನೋದು ಎಷ್ಟು ಸುಲಭ ಅಲ್ವಾ?

ಹಾಗಂತ ಅವರು ಕಾಡಿಗೆ ಹೊಸಬರೂ ಅಲ್ಲ. 1903ರಲ್ಲಿ ಕ್ಯಾಲಿಫೋರ್ನಿಯಾದ ಸಿಕೋಯಾ ಪಾರ್ಕಿನ ಉಸ್ತುವಾರಿ ವಹಿಸಿದ್ದು ಕ್ಯಾಪ್ಟನ್ ಚಾರ್ಲ್ಸ್ ಯಂಗ್, ಹುಟ್ಟುವಾಗ ಗುಲಾಮನಾಗಿದ್ದ ಮನುಷ್ಯ. ಆ ದೈತ್ಯ ಮರಗಳ ತನಕ ಗಾಡಿ ರಸ್ತೆಯನ್ನು ಅದೇ ಬೇಸಿಗೆಯಲ್ಲಿ ಮುಗಿಸಿದ್ದು ಅವರ ಕಪ್ಪು ಸೈನಿಕರು. ಆದರೆ ಇಡೀ ನ್ಯಾಷನಲ್ ಪಾರ್ಕ್ ಇಲಾಖೆಗೆ ಕಪ್ಪು ಜನಾಂಗದ ನಿರ್ದೇಶಕರೊಬ್ಬರು ಬಂದದ್ದು 1997ರಲ್ಲಿ, ರಾಬರ್ಟ್ ಸ್ಟಾಂಟನ್.

ನಿನಗೆ ಇಷ್ಟ ಆಗೋದು ಡೆನಾಲಿ ಕಥೆ. 2013ರಲ್ಲಿ ನೋಲ್ಸ್ ಅನ್ನೋ ಹೊರಾಂಗಣ ಶಾಲೆ ಕಪ್ಪು ಜನರದ್ದೇ ಒಂದು ತಂಡ ಕಟ್ಟಿ ಅಲಾಸ್ಕಾದ ಆ ಬೆಟ್ಟಕ್ಕೆ ಕಳಿಸಿತು. ತುದಿ ಇನ್ನೇನು ಸಿಕ್ಕಿತು ಅನ್ನುವಾಗ ಬಿರುಗಾಳಿ, ಮಿಂಚು. ವಾಪಸ್ ಬಂದರು. ಬಂದವರು ಸುಮ್ಮನೆ ಕೂರಲಿಲ್ಲ, ಹುಡುಗರ ಮುಂದೆ ನಿಂತು ಹತ್ತಿದ್ದನ್ನೂ ಇಳಿದಿದ್ದನ್ನೂ ಹೇಳಿದರು. ಬೆಟ್ಟದ ಮಾತು ಹೇಳೋರು ತಮ್ಮ ಹಾಗೇ ಇದ್ದಾರೆ ಅಂತ ಆ ಹುಡುಗರಿಗೆ ಕಾಣಬೇಕಿತ್ತು. ತುದಿಗಿಂತ ಅದೇ ಜಾಸ್ತಿ ಅನ್ನಿಸಿತು ನನಗೆ.

ನಿನ್ನ ಬಿಳಿಗಿರಿರಂಗನ ಬೆಟ್ಟದ ಶಿಬಿರದ ಫೋಟೋಗಳನ್ನು ಮತ್ತೆ ನೋಡಿದೆ, ಬೇಜಾರಾಗಬೇಡ. ಮುಂದೆ ನಡೆದು ದಾರಿ ತೋರಿಸೋರು ಸೋಲಿಗರು. ಸಂಜೆ ಮಕ್ಕಳ ಮುಂದೆ ಕೂತು ಕಾಡಿನ ಪಾಠ ಹೇಳೋನು ಮಾತ್ರ ಮೈಸೂರಿನ ನೀನು. ಮುಂದಿನ ಸಲ ನೀನು ಹಿಂದಿನ ಸಾಲಿನಲ್ಲಿ ಕೂರ್ತೀಯಾ?

ನಿನ್ನ,
ರವಿ