ಒಣ ಕೊಳವೆಬಾವಿಯ ಗೆಳೆಯನಿಗೆ, ಕಾಕಿನಾಡದ ಕಡಲಿನಿಂದ

ಪ್ರಿಯ ಗೆಳೆಯಾ,

ಮೊನ್ನೆ ಫೋನಿನಲ್ಲಿ "920 ಅಡಿ, ಬರೀ ಪುಡಿ" ಎಂದಷ್ಟೇ ಹೇಳಿ ನೀನು ಸುಮ್ಮನಾದೆ. ಏನು ಹೇಳಬೇಕೆಂದು ನನಗೂ ತೋಚಲಿಲ್ಲ. ಆಮೇಲೆ ನೀನೇ ನಕ್ಕು, "ನಿನ್ನದೂ ಇದೇ ಕಸುಬು ತಾನೆ? ನಾನು ನೀರಿಲ್ಲದ ಕಡೆ ನೀರಿಗೆ ಕೊರೆಸಿದೆ, ನೀನು ನೀರಿನ ಮೇಲೆ ನಿಂತು ಎಣ್ಣೆಗೆ ಕೊರೆಯುತ್ತೀಯ" ಎಂದೆ. ಉತ್ತರ ಕೊಡುವಷ್ಟರಲ್ಲಿ ಹಡಗಿನ ಲೈನು ಕಡಿದುಹೋಯಿತು. ಈ ಪಾಳಿಯ ಇಪ್ಪತ್ತೆಂಟು ದಿನಗಳಲ್ಲಿ ಹತ್ತೊಂಬತ್ತು ಕಳೆದಿವೆ. ಉತ್ತರವನ್ನು ಕಾಗದದಲ್ಲೇ ಬರೆಯೋಣ ಎನಿಸಿತು. ನಮ್ಮ ಹೈಸ್ಕೂಲಿನ ಬಳಗದವರೂ ಓದಲಿ ಎಂದು ಎಲ್ಲರಿಗೂ ಕಾಣುವಂತೆ ಹಾಕುತ್ತಿದ್ದೇನೆ. ಹೆದರಬೇಡ, ನಿನ್ನ ಸಾಲದ ಲೆಕ್ಕ ಇಲ್ಲಿ ಬರುವುದಿಲ್ಲ.

ಕಸುಬು ಒಂದೇ ಎನ್ನುವುದು ಅರ್ಧ ನಿಜ. ನಿನ್ನ ತೋಟಕ್ಕೆ ತಿರುಚೆಂಗೋಡಿನ ಲಾರಿ ಬಂದಾಗ ಅವರು ಮಾಡಿದ್ದೇನು? ಮೇಲಿನ ಸಡಿಲ ಮಣ್ಣು ಕುಸಿಯದಂತೆ ಮೊದಲು ಕೇಸಿಂಗ್ ಪೈಪ್ ಇಳಿಸಿದರು. ಬಂಡೆ ಸಿಕ್ಕಿದ ಮೇಲೆ ಬರಿಯ ತೂತು ಕೊರೆದರು, ಗಾಳಿಯ ರಭಸದಿಂದ ಪುಡಿಯನ್ನು ಹೊರಗೆ ಎಸೆದರು. ಚಿತ್ರದುರ್ಗದ ಬಂಡೆ ಕೋಟ್ಯಂತರ ವರ್ಷ ಹಳೆಯ ಹಿರಿಯಜ್ಜ. ಕೊರೆದರೂ ಅಲುಗಾಡದೆ ನಿಲ್ಲುತ್ತದೆ. ಇಲ್ಲಿ ನಮ್ಮ ಕೆಳಗಿರುವುದು ಕೃಷ್ಣಾ, ಗೋದಾವರಿ ನದಿಗಳು ಹೊತ್ತು ತಂದು ಸುರಿದ ಮರಳು ಮತ್ತು ಜೇಡಿ. ನಮ್ಮ ಮಲೆನಾಡಿನ, ಬಯಲುಸೀಮೆಯ ಮಣ್ಣೂ ಅದರಲ್ಲಿದೆ, ತುಂಗಭದ್ರೆ ಕೃಷ್ಣೆಯನ್ನು ಸೇರುತ್ತಾಳಲ್ಲ. ಆ ಹೂಳಿನೊಳಗೆ ಸಿಕ್ಕಿಹಾಕಿಕೊಂಡ ನೀರು ಮತ್ತು ಅನಿಲ ಒತ್ತಡದಲ್ಲಿ ಕುದಿಯುತ್ತಾ ಕುಳಿತಿರುತ್ತವೆ. ಗಾಳಿ ಊದಿ ಕೊರೆದರೆ ಅವು ನೇರ ನಮ್ಮ ಮುಖಕ್ಕೇ ಬರುತ್ತವೆ.

ಹಾಗಾಗಿ ನಾವು ಗಾಳಿಯ ಬದಲು ಕೆಸರು ಬಳಸುತ್ತೇವೆ. ನಮ್ಮವರು ಅದನ್ನು ಮಡ್ ಎನ್ನುತ್ತಾರೆ. ನನ್ನ ಹುದ್ದೆಯ ಹೆಸರೇ ಮಡ್ ಎಂಜಿನಿಯರ್. ಇದನ್ನು ಕೇಳಿ ನನ್ನ ಮದುವೆಗೆ ಹೆಣ್ಣು ಕೊಡಲು ಬಂದವರು ಎರಡು ಬಾರಿ ಯೋಚಿಸಿದ್ದು ನಿನಗೆ ನೆನಪಿರಬಹುದು. ಜೇಡಿ, ರಾಸಾಯನಿಕ, ಬರೈಟ್ ಎಂಬ ಭಾರದ ಪುಡಿ, ಇವುಗಳ ಪಾಕ ಅದು. ಬರೈಟ್ ಆಂಧ್ರದ ಮಂಗಂಪೇಟೆಯಲ್ಲಿ ಹೇರಳವಾಗಿ ಸಿಗುತ್ತದೆ. ಈ ಕೆಸರು ಪೈಪಿನೊಳಗಿಂದ ಇಳಿದು, ಉಳಿ ಅರೆದ ಚೂರುಗಳನ್ನು ಹೊತ್ತು ಹೊರಬದಿಯಿಂದ ಮೇಲೇರುತ್ತದೆ. ಅದಕ್ಕಿಂತ ಮುಖ್ಯವಾಗಿ, ತನ್ನ ತೂಕದಿಂದಲೇ ಕೆಳಗಿನ ಒತ್ತಡವನ್ನು ಅದುಮಿ ಹಿಡಿಯುತ್ತದೆ.

ಪೇಚು ಇಲ್ಲೇ ಇದೆ. ಕೆಸರು ಹಗುರವಾದರೆ ಅನಿಲ ಬಾವಿಯೊಳಗೆ ನುಗ್ಗುತ್ತದೆ. ಭಾರವಾದರೆ ಬಂಡೆಯೇ ಬಿರಿದು ಕೆಸರನ್ನೆಲ್ಲ ಕುಡಿದುಬಿಡುತ್ತದೆ. ಇವೆರಡರ ನಡುವಿನ ಅಂತರವನ್ನು ನಾವು ಕಿಟಕಿ ಎನ್ನುತ್ತೇವೆ. ನೆಲದ ಮೇಲೆ ಆ ಕಿಟಕಿ ಅಗಲವಾಗಿರುತ್ತದೆ. ಆಳ ಸಮುದ್ರದಲ್ಲಿ ಯಾಕೆ ಕಿರಿದು ಗೊತ್ತೆ? ಮೇಲಿನಿಂದ 3,000 ಮೀಟರ್ ಕೆಳಗಿರುವ ಒಂದು ಪದರವನ್ನು ಊಹಿಸಿಕೋ. ನೆಲದಲ್ಲಾದರೆ ಅದರ ತಲೆಯ ಮೇಲೆ 3,000 ಮೀಟರ್ ಬಂಡೆಯ ಭಾರವಿರುತ್ತದೆ, ಆ ಭಾರವೇ ಅದನ್ನು ಬಿಗಿಯಾಗಿ ಹಿಡಿದಿರುತ್ತದೆ. ಇಲ್ಲಿ ಅರ್ಧ ದೂರ ಬರೀ ನೀರು. ನೀರಿನ ಭಾರ ಬಂಡೆಯ ಭಾರದ ಅರ್ಧವೂ ಇಲ್ಲ. ಹೀಗಾಗಿ ಪದರ ಸಡಿಲ, ಬೇಗ ಬಿರಿಯುತ್ತದೆ. ಕೆಸರಿನ ತೂಕ ಗ್ಯಾಲನ್ನಿಗೆ ಅರ್ಧ ಪೌಂಡು ಅತ್ತಿತ್ತ ಆದರೆ ಕಥೆ ಮುಗಿಯುವಂಥ ಬಾವಿಗಳಿವೆ. ಕಿಟಕಿ ಮುಚ್ಚಿದಾಗಲೆಲ್ಲ ಕೇಸಿಂಗ್ ಇಳಿಸಿ, ಅದರೊಳಗಿಂದ ಇನ್ನೂ ಸಣ್ಣ ತೂತು ಕೊರೆಯಬೇಕು. ನಿಮ್ಮ ಮನೆಯ ಹಳೆಯ ರೇಡಿಯೋದ ಏರಿಯಲ್ ನೆನಪಿದೆಯೇ, ಒಂದರೊಳಗೊಂದು ಕೊಳವೆ? ಅದೇ ಲೆಕ್ಕ. ಗುರಿ ಮುಟ್ಟುವ ಮೊದಲೇ ತೂತು ಬೆರಳಿನಷ್ಟಾದರೆ ಅಷ್ಟೂ ಕೋಟಿ ಕಡಲಿಗೆ. ಹಡಗಿನ ಬಾಡಿಗೆಯೇ ದಿನಕ್ಕೆ ಮೂರು ನಾಲ್ಕು ಕೋಟಿ ರೂಪಾಯಿ. ನಿನ್ನ ಲಾರಿಯವನು ಅಡಿಗೆ ಇಷ್ಟು ಎಂದು ಕೇಳಿದನೆಂದು ಬೈದೆಯಲ್ಲ, ನನಗೆ ನಗು ಬಂದದ್ದು ಅದಕ್ಕೇ. ಕ್ಷಮಿಸು.

ಜನ ಕೇಳುವುದು ಆಳದ ಬಗ್ಗೆ. ಆಳ ದೊಡ್ಡ ಮಾತೇನಲ್ಲ. 2013ರಲ್ಲಿ ನಮ್ಮದೇ ಪೂರ್ವ ಕಡಲಿನಲ್ಲಿ 3,174 ಮೀಟರ್ ನೀರಿನಲ್ಲಿ ಬಾವಿ ಕೊರೆದು ಜಗತ್ತಿನ ದಾಖಲೆ ಆಯಿತು. 2021ರಲ್ಲಿ ಅಂಗೋಲಾದ ಕಡಲಿನಲ್ಲಿ ಅದು 3,628 ಮೀಟರಿಗೆ ಹೋಯಿತು. ಹಡಗಿಗೆ ಲಂಗರು ಇಲ್ಲ. ಉಪಗ್ರಹದ ಲೆಕ್ಕ ನೋಡಿ ಅಡಿಯ ಪ್ರೊಪೆಲರ್‌ಗಳೇ ಹಗಲಿರುಳು ಅದನ್ನು ಒಂದೇ ಜಾಗದಲ್ಲಿ ನಿಲ್ಲಿಸುತ್ತವೆ. ಮುನ್ನೂರು ಮೀಟರಿನಿಂದ ಕೆಳಗೆ ಮುಳುಗುಗಾರರು ಇಳಿಯುವುದೇ ಅಪರೂಪ, ಅಲ್ಲಿನ ಬೋಲ್ಟು ತಿರುಗಿಸುವುದು ರೋಬೋಟಿನ ಕೈ. ಇದೆಲ್ಲ ಯಂತ್ರದ ಕೆಲಸ, ದುಡ್ಡಿದ್ದರೆ ಬರುತ್ತದೆ. ಕೆಳಗಿನಿಂದ ಬರುವ ಸುಳಿವನ್ನು ಓದುವುದು ಮಾತ್ರ ದುಡ್ಡಿಗೆ ಬರುವುದಿಲ್ಲ.

ನನ್ನದೇ ಒಂದು ಪೆದ್ದುತನ ಹೇಳುತ್ತೇನೆ. ಕೆಲಸಕ್ಕೆ ಸೇರಿದ ಎರಡನೆಯ ವರ್ಷ. ರಾತ್ರಿ ಪಾಳಿ. ಹೊಸ ಪೈಪ್ ಜೋಡಿಸಲು ಪಂಪ್ ನಿಲ್ಲಿಸಿದರು. ಪಂಪ್ ನಿಂತ ಮೇಲೂ ಬಾವಿಯಿಂದ ಕೆಸರು ಮೇಲೆ ಬರುತ್ತಲೇ ಇತ್ತು. ಅನಿಲ ನುಗ್ಗಿತೆಂದು ನಾನು ಕೂಗಿದೆ. ಬಾವಿ ಮುಚ್ಚಿದರು, ಕೆಸರಿನ ತೂಕ ಏರಿಸಿದೆವು. ಮತ್ತೆ ಪಂಪ್ ಶುರುಮಾಡಿದಾಗ ಕೆಸರು ಕೆಳಗೇ ಮಾಯವಾಯಿತು. ನಿಲ್ಲಿಸಿದರೆ ಇನ್ನಷ್ಟು ವಾಪಸ್ ಬಂತು. ನಾನು ಇನ್ನೂ ತೂಕ ಏರಿಸಲು ಹೊರಟಾಗ ಹಿರಿಯ ಡ್ರಿಲ್ಲರ್ ಒಬ್ಬರು ನನ್ನ ಕೈ ಹಿಡಿದು ಒಂದು ಬಕೆಟ್ಟೂ ಗಡಿಯಾರವೂ ಕೊಟ್ಟು ಕೂರಿಸಿದರು. ನಿಮಿಷಕ್ಕೆ ಎಷ್ಟು ಬರುತ್ತದೆ ಬರೆ ಎಂದರು. ಬರೆದೆ. ಪ್ರತಿ ನಿಮಿಷವೂ ಕಡಿಮೆಯಾಗುತ್ತಾ ಹೋಯಿತು. ಅನಿಲ ಬಂದಿದ್ದರೆ ಹೆಚ್ಚುತ್ತಾ ಹೋಗಬೇಕಿತ್ತು. ಪಂಪ್ ನಡೆಯುವಾಗ ಬಂಡೆಯ ಸಣ್ಣ ಬಿರುಕುಗಳು ಕೆಸರು ನುಂಗಿ ಉಬ್ಬಿದ್ದವು, ನಿಂತಾಗ ಅದನ್ನೇ ಉಗುಳುತ್ತಿದ್ದವು. ಬಂಡೆ ಉಸಿರಾಡುತ್ತಿತ್ತು, ನಾನು ಅದರ ಎದೆಯ ಮೇಲೆ ಇನ್ನಷ್ಟು ಭಾರ ಹೇರುತ್ತಿದ್ದೆ.

ನನ್ನದು ಇಲ್ಲದ ಅಪಾಯ ಕಂಡ ತಪ್ಪು. ಇದರ ತಿರುವುಮುರುವು 2010ರ ಏಪ್ರಿಲ್ 20ರಂದು ಮೆಕ್ಸಿಕೋ ಕೊಲ್ಲಿಯಲ್ಲಿ ಆಯಿತು. ಮಕೊಂಡೊ ಎಂಬ ಬಾವಿ, ಅದನ್ನು ಕೊರೆಯುತ್ತಿದ್ದ ತೇಲುವ ವೇದಿಕೆ ಡೀಪ್‌ವಾಟರ್ ಹೊರೈಜನ್ ರಿಗ್. ಬಾವಿ ಕೊರೆದು ಮುಗಿದಿತ್ತು, ತಳಕ್ಕೆ ಸಿಮೆಂಟ್ ಹಾಕಿದ್ದರು. ಅದು ಗಟ್ಟಿಯಾಗಿದೆಯೇ ಎಂದು ನೋಡಲು ಮೇಲಿನ ಭಾರ ಕಡಿಮೆ ಮಾಡಿ ಪರೀಕ್ಷಿಸಿದರು. ಡ್ರಿಲ್ ಪೈಪಿನ ಮಾಪಕ 1,400 ಪಿಎಸ್‌ಐ ಒತ್ತಡ ತೋರಿಸಿತು. ಪಕ್ಕದ ಇನ್ನೊಂದು ಕೊಳವೆಯ ಮಾಪಕ ಸೊನ್ನೆ ತೋರಿಸಿತು. ಸೊನ್ನೆಯಾದರೆ ಸಿಮೆಂಟ್ ಗಟ್ಟಿ, 1,400 ಆದರೆ ಕೆಳಗಿನಿಂದ ಒತ್ತಡ ನುಗ್ಗುತ್ತಿದೆ ಎಂದರ್ಥ. ಎರಡು ಮಾಪಕಗಳಲ್ಲಿ ಒಂದು ಸುಳ್ಳು ಹೇಳುತ್ತಿತ್ತು. 1,400 ಬಂದದ್ದಕ್ಕೆ ಯಾರೋ ಒಂದು ವಿವರಣೆ ಕೊಟ್ಟರು, ಎಲ್ಲರೂ ಸೊನ್ನೆಯನ್ನೇ ನಂಬಿದರು. ಭಾರದ ಕೆಸರನ್ನು ತೆಗೆದು ಸಮುದ್ರದ ನೀರು ತುಂಬಿಸಲು ಶುರುಮಾಡಿದರು. ರಾತ್ರಿ ಬಾವಿ ಸಿಡಿಯಿತು. ಹನ್ನೊಂದು ಜನ ಸತ್ತರು. ಸಮುದ್ರತಳದ ಮೇಲೆ ಕೂತಿದ್ದ, ಬಾವಿ ಸಿಡಿದರೆ ಮುಚ್ಚಲೆಂದೇ ಇಟ್ಟ ಸುಮಾರು 400 ಟನ್ ತೂಕದ ತಡೆಯಂತ್ರದ ಕತ್ತರಿಯಲಗುಗಳು ಪೈಪನ್ನು ಪೂರ್ತಿ ಕತ್ತರಿಸಲಿಲ್ಲ. 87 ದಿನ ಎಣ್ಣೆ ಹರಿಯಿತು. ಅದರ ಮೇಲೆ ದೊಡ್ಡದೊಂದು ಉಕ್ಕಿನ ಗೋಪುರ ಕವುಚಲು ಹೋದರು, ಕೆಲವೇ ಗಂಟೆಗಳಲ್ಲಿ ಅದು ಕಟ್ಟಿಕೊಂಡಿತು. ತಳದ ಚಳಿಯಲ್ಲಿ ಅನಿಲವೂ ನೀರೂ ಕೂಡಿ ಹಿಮದಂಥ ಹರಳುಗಳಾಗುತ್ತವೆ, ಆ ಹರಳು ಗೋಪುರದ ಬಾಯಿ ಮುಚ್ಚಿತ್ತು. ಆ ಮಾಪಕದ ಕಥೆಯನ್ನು ಹೊಸಬರಿಗೆ ನಾನೇ ಹೇಳಿಕೊಡುತ್ತೇನೆ. ಪ್ರತಿಬಾರಿಯೂ ನನ್ನ ಬಕೆಟ್ಟು ನೆನಪಾಗುತ್ತದೆ.

ಈ ಚಳಿಯ ವಿಷಯ ಸ್ವಲ್ಪ ಹೇಳಬೇಕು, ನಿನಗೆ ಇಷ್ಟವಾಗುತ್ತದೆ. ಮೇಲೆ ಕಾಕಿನಾಡದ ಬಿಸಿಲಿಗೆ ಡೆಕ್ಕಿನ ಕಬ್ಬಿಣ ಮುಟ್ಟಲಾಗುವುದಿಲ್ಲ. ಆಳದ ತಳದಲ್ಲಿ ನಾಲ್ಕೈದು ಡಿಗ್ರಿ. ಡಿಸೆಂಬರಿನಲ್ಲಿ ನಿಮ್ಮಮ್ಮ ಕೊಬ್ಬರಿ ಎಣ್ಣೆಯ ಬಾಟಲಿಯನ್ನು ಬಿಸಿಲಿಗೆ ಇಡುತ್ತಿದ್ದರಲ್ಲ? ಇದೇ ಕಡಲಿನಲ್ಲಿ ಸರ್ಕಾರಿ ತೈಲ ಕಂಪನಿ ಒಎನ್‌ಜಿಸಿಯವರ ಪಾಲಿನ ತುಂಡು, 98/2 ಬ್ಲಾಕಿನ ಕಚ್ಚಾ ತೈಲ ಅದೇ ಜಾತಿಯದು, ಮೇಣ ತುಂಬಿದ್ದು. ನೆಲದೊಳಗಿಂದ ಬಿಸಿಯಾಗಿ ಬರುತ್ತದೆ, ತಳದ ಪೈಪಿನಲ್ಲಿ ತಣ್ಣಗಾದರೆ ಗಡ್ಡೆಕಟ್ಟಿ ನಿಲ್ಲುತ್ತದೆ. ಕಿಲೋಮೀಟರುಗಟ್ಟಲೆ ಪೈಪನ್ನು ಬಿಸಿಲಿಗೆ ಇಡುವವರು ಯಾರು? ಪೈಪಿನೊಳಗೆ ಪೈಪ್ ಇಟ್ಟು ನಡುವೆ ಶಾಖ ತಡೆಯುವ ಪದರ ತುಂಬಿದರು. ನೀನು ತೋಟಕ್ಕೆ ಕಾಫಿ ಒಯ್ಯುವ ಫ್ಲಾಸ್ಕಿನ ತತ್ವ, ಅಷ್ಟೇ. ಗಡುವು ಹಲವು ಬಾರಿ ಜಾರಿ, ಕೊನೆಗೆ 2024ರ ಜನವರಿ 7ರಂದು ಮೊದಲ ತೈಲ ಬಂತು. ಅದು ಹೋದದ್ದು ಎಲ್ಲಿಗೆ ಗೊತ್ತೆ? ನಮ್ಮ ಮಂಗಳೂರಿನ ಎಂಆರ್‌ಪಿಎಲ್ ತೈಲ ಶುದ್ಧೀಕರಣ ಕಾರ್ಖಾನೆಗೆ. ಹತ್ತನೆಯ ತರಗತಿಯ ಪ್ರವಾಸದಲ್ಲಿ ಸುರತ್ಕಲ್ ದಾಟುವಾಗ ಬಸ್ಸಿನ ಕಿಟಕಿಯಿಂದ ಬೆಂಕಿಯ ನಾಲಿಗೆ ನೋಡಿ ನೀನು ಕಾಡಿಗೇ ಬೆಂಕಿ ಬಿತ್ತೆಂದು ಕಿರುಚಿದ್ದೆಯಲ್ಲ, ಅದೇ ಜಾಗ.

ಇಷ್ಟು ಕಷ್ಟಪಟ್ಟು ಯಾಕೆ ಇಲ್ಲಿಗೆ ಬರುತ್ತೀರಿ ಎಂದು ನೀನು ಕೇಳಬಹುದು. ನಾವು ಬಳಸುವ ಕಚ್ಚಾ ತೈಲದಲ್ಲಿ ನೂರಕ್ಕೆ ಎಂಬತ್ತೈದಕ್ಕೂ ಹೆಚ್ಚು ಪಾಲು ಹೊರಗಿನದು. ಮೇಲೆ ಸುಲಭಕ್ಕೆ ಸಿಗುವ ಜಾಗಗಳು ಹಳತಾಗಿವೆ. ಆಳದಲ್ಲಿ ಸಿಕ್ಕರೆ ಸಿಗುವುದು ದೊಡ್ಡದು. ಬ್ರೆಜಿಲ್‌ನವರು 2006ರಲ್ಲಿ ಟೂಪಿ ಎಂಬಲ್ಲಿ ಎರಡು ಕಿಲೋಮೀಟರ್ ನೀರು, ಅದರ ಕೆಳಗೆ ಮತ್ತೆರಡು ಕಿಲೋಮೀಟರ್ ದಪ್ಪದ ಉಪ್ಪಿನ ಪದರ ದಾಟಿ ಎಣ್ಣೆ ಕಂಡರು. ಕೆಳಗೆ ಏನಿದೆಯೆಂದು ತಿಳಿಯಲು ನಾವು ಶಬ್ದದ ಅಲೆಗಳನ್ನು ಕಳಿಸಿ ಅವುಗಳ ಮಾರ್ದನಿ ಓದುತ್ತೇವೆ, ಉಪ್ಪು ಆ ಅಲೆಗಳನ್ನು ಗಾಜಿನ ಗೋಲಿಯಂತೆ ತಿರುಚುತ್ತದೆ. ಅದನ್ನು ನೇರ ಮಾಡಿ ಓದಲು ದೊಡ್ಡ ದೊಡ್ಡ ಕಂಪ್ಯೂಟರುಗಳು ಬೇಕಾದವು. ಇಂದು ಆ ದೇಶದ ಉತ್ಪಾದನೆಯ ಮುಕ್ಕಾಲಿಗೂ ಹೆಚ್ಚು ಉಪ್ಪಿನ ಕೆಳಗಿನದು. ಗಯಾನಾದಲ್ಲಿ 2015ರಲ್ಲಿ ಲೀಜಾ ಎಂಬ ತೈಲ ಕ್ಷೇತ್ರ ಸಿಕ್ಕಿತು, 2019ರ ಡಿಸೆಂಬರಿನಲ್ಲಿ ಎಣ್ಣೆ ಹರಿಯಿತು. ನಮ್ಮಲ್ಲಿ ಒಂದು ಅನುಮತಿ ಒಂದು ಮೇಜಿನಿಂದ ಇನ್ನೊಂದಕ್ಕೆ ಹೋಗುವಷ್ಟು ಹೊತ್ತು ಅದು.

ಆದರೆ ಪಾಯಿಂಟ್ ನೋಡುವವನು ಹಿಡಿದ ತೆಂಗಿನಕಾಯಿ ಎದ್ದು ನಿಂತಿತೆಂದು ನೀನು ದುಡ್ಡು ಸುರಿದೆಯಲ್ಲ, ನಮ್ಮ ದೊಡ್ಡವರೂ ಹಾಗೇ ಸುರಿದಿದ್ದಾರೆ. ರಿಲಯನ್ಸಿನ ಡಿ6 ಬ್ಲಾಕಿನಲ್ಲಿ 2002ರಲ್ಲಿ ಅನಿಲ ಸಿಕ್ಕಿತು, 2009ರ ಏಪ್ರಿಲಿನಲ್ಲಿ ಹರಿಯಿತು. ಮರುವರ್ಷ ದಿನಕ್ಕೆ 6 ಕೋಟಿ ಘನ ಮೀಟರ್ ದಾಟಿತು. 8 ಕೋಟಿಗೆ ಏರಬೇಕಿತ್ತು. ಏರಲಿಲ್ಲ, ಇಳಿಯಿತು. ಬಾವಿಗಳಿಗೆ ನೀರು, ಮರಳು ನುಗ್ಗಿದವು. ಹತ್ತು ಲಕ್ಷ ಕೋಟಿ ಘನ ಅಡಿ ತೆಗೆಯಬಹುದೆಂದು ಅಂದಾಜಿಸಿದ್ದ ನಿಕ್ಷೇಪ ಮೂರು ಲಕ್ಷ ಕೋಟಿಗೆ ಇಳಿಯಿತು. ಭೂಗರ್ಭ ಅಂದುಕೊಂಡದ್ದಕ್ಕಿಂತ ತೊಡಕಿನದೆಂದು ಕಂಪನಿ, ಹೇಳಿದಷ್ಟು ಬಾವಿ ಕೊರೆಯಲಿಲ್ಲವೆಂದು ಸರ್ಕಾರ. ವಾದ ಮಧ್ಯಸ್ಥರ ಪಂಚಾಯತಿಗೆ ಹೋಯಿತು. ನನಗೆ ಯಾರ ಪಕ್ಷವೂ ಬೇಡ. ಮೊದಲ ಎರಡು ಅನಿಲ ಕ್ಷೇತ್ರಗಳು 2020ರ ಫೆಬ್ರವರಿಯಲ್ಲಿ ನಿಂತವು. ಅದೇ ವರ್ಷ ಡಿಸೆಂಬರಿನಲ್ಲಿ, ಅದೇ ಬ್ಲಾಕಿನಲ್ಲಿ, 2,000 ಮೀಟರಿಗೂ ಆಳದ ನೀರಿನಲ್ಲಿ ಹೊಸ ಕ್ಷೇತ್ರ ಶುರುವಾಯಿತು. ಆಮೇಲೆ ಇನ್ನೆರಡು. ಮೂರೂ ಸೇರಿ ದೇಶದ ಅನಿಲ ಉತ್ಪಾದನೆಯ ಸುಮಾರು ನೂರಕ್ಕೆ ಮೂವತ್ತು ಪಾಲು ಕೊಟ್ಟವು. ಬ್ಲಾಕು ಅದೇ, ಕಡಲು ಅದೇ. ಎರಡನೆಯ ಸಲ ಹೋದವರ ಕೈಯಲ್ಲಿ ಮೊದಲ ಸಲದ ಹತ್ತು ವರ್ಷದ ಲೆಕ್ಕವಿತ್ತು.

ಈಗ ನಿನ್ನ ವಿಷಯಕ್ಕೆ ಬರುತ್ತೇನೆ. ನನ್ನ ಹೆಲಿಕಾಪ್ಟರ್ ಇನ್ನು ಒಂಬತ್ತು ದಿನಕ್ಕೆ ರಾಜಮಂಡ್ರಿಗೆ. ಎರಡು ದಿನ ಹೆಂಡತಿ ಮಕ್ಕಳ ಜೊತೆ ಇದ್ದು ಹೊಸದುರ್ಗದ ಬಸ್ ಹತ್ತುತ್ತೇನೆ. ಅಲ್ಲಿಯವರೆಗೆ ಎರಡನೆಯ ಪಾಯಿಂಟಿಗೆ ಲಾರಿ ಕರೆಸಬೇಡ. ನಮ್ಮ ಹಡಗಿನಲ್ಲಿ ಐದೈದು ಮೀಟರಿಗೆ ಒಂದು ಚೀಲ ಚೂರು ಹಿಡಿದು, ತೊಳೆದು, ಆಳ ಬರೆದು ಕಪಾಟಿನಲ್ಲಿ ಇಡುವುದಕ್ಕೆಂದೇ ಇಬ್ಬರು ಹುಡುಗರಿದ್ದಾರೆ. ನಿನ್ನ ಲಾರಿಯವನು ಪೈಪಿಗೊಂದರಂತೆ ಪುಡಿಯ ಗುಡ್ಡೆ ಹಾಕಿರುತ್ತಾನೆ, ಬದುವಿನ ಪಕ್ಕ ಸಾಲಾಗಿ ಇರಬೇಕು. ಯಾವ ಗುಡ್ಡೆಯಲ್ಲಿ ಬಣ್ಣ ಬದಲಾಯಿತು, ಎಲ್ಲಿ ಪುಡಿ ತೇವವಾಗಿ ಬಂದು ಮತ್ತೆ ಒಣಗಿತು ಎಂದು ಯಾರಾದರೂ ನೋಡಿದರೇ? ನೋಡಿರಲಾರರು, ಎಲ್ಲರೂ ನೀರು ಚಿಮ್ಮುವುದನ್ನೇ ಕಾಯುತ್ತಿದ್ದಿರಿ. ಎಲ್ಲ ಗುಡ್ಡೆಗಳಿಂದ ಒಂದೊಂದು ಹಿಡಿ ಹಳೆಯ ಹಾಲಿನ ಪ್ಯಾಕೆಟಿನಲ್ಲಿ ಕಟ್ಟಿ, ಮೇಲೆ ಅಡಿ ಬರೆದು ಅಟ್ಟದ ಮೇಲೆ ಇಡು. ಇವತ್ತೇ ಇಡು. ನಿಮ್ಮ ಕಡೆ ನಾಳಿದ್ದು ಮಳೆ ಎಂದು ನಮ್ಮ ಹವಾಮಾನದ ಪರದೆ ತೋರಿಸುತ್ತಿದೆ.

ನಿನ್ನ,
ಮಡ್ ಎಂಜಿನಿಯರ್